ಇಇಜಿ ಗೆರೆಯನ್ನು ಕಂಪ್ಯೂಟರ್ ಓದಿದಾಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮೂರ್ಛೆರೋಗದ ಪರೀಕ್ಷೆಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಹೆಚ್ಚು ಪತ್ರ ಬಂದಿವೆ. ಕೆಲವು ತಮ್ಮ ಮಕ್ಕಳಿಗೆ ಇಇಜಿ (ನೆತ್ತಿಗೆ ಎಲೆಕ್ಟ್ರೋಡ್ ಎಂಬ ಪುಟ್ಟ ಲೋಹದ ಕಪ್ ಅಂಟಿಸಿ ಮಿದುಳಿನ ವಿದ್ಯುತ್ತನ್ನು ಗೆರೆಯಾಗಿ ದಾಖಲಿಸುವ ಪರೀಕ್ಷೆ) ಮಾಡಿಸಿದ ತಂದೆತಾಯಿಯರವು, ಕೆಲವು ಅದೇ ಇಇಜಿಯನ್ನು ಕಂಪ್ಯೂಟರಿನಿಂದ ಓದಿಸಲು ಹೊರಟ ವಿದ್ಯಾರ್ಥಿಗಳವು. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ಬೇಕಾಗುವುದರಿಂದ ಎಲ್ಲವನ್ನೂ ಒಟ್ಟಿಗೇ ಇಟ್ಟಿದ್ದೇವೆ.

ನನ್ನ ಮಗಳಿಗೆ 9 ವರ್ಷ. ಊಟ ಮಾಡುವಾಗ, ಪಾಠ ಕೇಳುವಾಗ ಇದ್ದಕ್ಕಿದ್ದ ಹಾಗೆ ಹತ್ತು ಸೆಕೆಂಡು ಎಲ್ಲೋ ನೋಡುತ್ತಾ ನಿಂತುಬಿಡುತ್ತಾಳೆ. ಕರೆದರೆ ಓಗೊಡುವುದಿಲ್ಲ. ಆಮೇಲೆ ಏನೂ ಆಗದವಳಂತೆ ಇರುತ್ತಾಳೆ. ತುಮಕೂರಿನಲ್ಲಿ 20 ನಿಮಿಷದ ಇಇಜಿ ಮಾಡಿಸಿದೆವು, ನಾರ್ಮಲ್ ಅಂತ ಬಂತು. ಕಂಪ್ಯೂಟರ್ ಕೂಡ ಏನೂ ಇಲ್ಲ ಎಂದಿದೆಯಂತೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?
— ಒಬ್ಬ ತಾಯಿ, ಪಾವಗಡ

ಈಗಲೇ ಬೇಡ, ತಾಯಿ. ನಾರ್ಮಲ್ ಎಂದರೆ ಆ 20 ನಿಮಿಷದಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ ಅರ್ಥ. ಮೂರ್ಛೆರೋಗ ಇದೆ ಎಂದು ಗೊತ್ತಾಗಿರುವವರಲ್ಲೂ ಮೊದಲ ಇಇಜಿಯಲ್ಲಿ ಅದರ ಕುರುಹು ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ. ಗೆರೆಯಲ್ಲಿ ಬಾರದೇ ಇದ್ದುದನ್ನು ಯಾವ ಕಂಪ್ಯೂಟರೂ ಹುಡುಕಿಕೊಡಲಾರದು.

ನೀವು ಬರೆದಿರುವ ಲಕ್ಷಣ ಆಬ್ಸೆನ್ಸ್ ಎಂಬ ಬಗೆಯ ಫಿಟ್ಸ್‌ಗೆ ಹೊಂದುವಂಥದ್ದು. ಅದರಲ್ಲಿ ಸೆಕೆಂಡಿಗೆ 3 ಬಾರಿಯಂತೆ ಚೂಪು ಅಲೆ ಮತ್ತು ಅದರ ಬೆನ್ನಿಗೊಂದು ನಿಧಾನದ ಅಲೆ ತಲೆಯ ಎರಡೂ ಕಡೆ ಒಟ್ಟಿಗೆ ಏಳುತ್ತವೆ. 1935ರಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ವರದಿ ಮಾಡಿದ ಈ ಮಾದರಿ ಇಂದಿಗೂ ಇಇಜಿಯಲ್ಲಿ ತೀರಾ ಸ್ಪಷ್ಟವಾಗಿ ಗುರುತಿಸಬಹುದಾದದ್ದು. ಆದರೆ ಅದನ್ನು ಹೊರಗೆ ಕರೆಯಬೇಕು. ಮಗುವಿಗೆ 3 ನಿಮಿಷ ಜೋರಾಗಿ, ಆಳವಾಗಿ ಉಸಿರಾಡಿಸಿದರೆ, ಇನ್ನೂ ಮಾತ್ರೆ ಶುರುಮಾಡದ ಆಬ್ಸೆನ್ಸ್ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅಲ್ಲೇ ಒಂದು ಫಿಟ್ಸ್ ಬರುತ್ತದೆ. ಸುಮ್ಮನೆ ಉಸಿರಾಡು ಎಂದರೆ ಮಕ್ಕಳು ಮೂವತ್ತು ಸೆಕೆಂಡಿಗೇ ನಿಲ್ಲಿಸುತ್ತಾರೆ. ಕಾಗದದ ಗಿರಿಗಿಟ್ಲೆ ಕೈಗೆ ಕೊಟ್ಟು ಊದು ಎಂದರೆ ಮೂರು ನಿಮಿಷ ಊದುತ್ತಾರೆ. ಇದನ್ನು ಮಾಡಿಸಿದ್ದರೇ, ಪೂರ್ತಿ ಮೂರು ನಿಮಿಷ ಮಾಡಿಸಿದ್ದರೇ ಎಂದು ಮೊದಲು ವಿಚಾರಿಸಿ. ಮಗಳು ನಿದ್ದೆ ಹೋಗಿದ್ದಳೇ ಎಂಬುದನ್ನೂ ಕೇಳಿ. ತೂಕಡಿಕೆ ಮತ್ತು ಹಗುರ ನಿದ್ದೆಯಲ್ಲಿ ಕುರುಹು ಹೆಚ್ಚು ಸಿಗುತ್ತದೆ.

ಮತ್ತೆ ಮಾಡಿಸುವುದಾದರೆ ಹಿಂದಿನ ದಿನ ತಲೆಗೆ ಶಾಂಪೂ ಹಾಕಿ ತೊಳೆಯಿರಿ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಣ್ಣೆ ತಲೆಗೆ ಪೇಸ್ಟ್ ಹಿಡಿಯುವುದಿಲ್ಲ, ಗೆರೆ ಕೆಡುತ್ತದೆ. ಹೊಟ್ಟೆ ತುಂಬಾ ತಿನ್ನಿಸಿಯೇ ಕರೆತನ್ನಿ. ಡಾಕ್ಟರು ನಿದ್ದೆಗೆಡಿಸಿ ತನ್ನಿ ಎಂದರೆ ಒಂದು ಮಾತು ನೆನಪಿರಲಿ: ಪಾವಗಡದಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಮಗು ಒಂದು ಗಂಟೆ ಮಲಗಿಬಿಟ್ಟರೆ ರಾತ್ರಿ ಎಚ್ಚರ ಇರಿಸಿದ್ದೆಲ್ಲ ದಂಡ. ದಾರಿಯುದ್ದಕ್ಕೂ ಮಾತಾಡಿಸುತ್ತಾ ಬನ್ನಿ. ಯಾವುದಾದರೂ ಮಾತ್ರೆ ನಡೆಯುತ್ತಿದ್ದರೆ ಪರೀಕ್ಷೆಗೆಂದು ನೀವಾಗಿ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಮೊದಲು, ಹಾಗೆ ನಿಂತ ಗಳಿಗೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಡಿ. ಮುಖ, ಕಣ್ಣು, ಎರಡೂ ಕೈ ಕಾಣಲಿ. ನರರೋಗ ತಜ್ಞರಿಗೆ ಆ ಹತ್ತು ಸೆಕೆಂಡಿನ ವಿಡಿಯೊ ಎಷ್ಟೋ ಸಲ ಇಇಜಿಗಿಂತ ಹೆಚ್ಚು ಹೇಳುತ್ತದೆ.

ಕಂಪ್ಯೂಟರಿಗೆ ಇದು ಫಿಟ್ಸ್ ಎಂದು ಹೇಗೆ ತಿಳಿಯುತ್ತದೆ? ಗಣಿತ ಜಾಸ್ತಿ ಬೇಡ.
— ನಿವೃತ್ತ ಶಿಕ್ಷಕರು, ಗೌರಿಬಿದನೂರು

ಹೋಲಿಕೆ ನಿಮ್ಮೂರಿನಲ್ಲೇ ಇದೆ, ಮೇಷ್ಟ್ರೇ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳು 1965ರಿಂದ ಗೌರಿಬಿದನೂರಿನ ನೆಲದಲ್ಲಿವೆ. ಭೂಕಂಪನ ಶಾಸ್ತ್ರದಲ್ಲಿ ಒಂದು ಹಳೆಯ ಲೆಕ್ಕವಿದೆ: ಈಗಿನ ಒಂದೆರಡು ಸೆಕೆಂಡಿನ ಅಲುಗಾಟದ ಸರಾಸರಿಯನ್ನು, ಅದಕ್ಕೂ ಹಿಂದಿನ ದೀರ್ಘ ಅವಧಿಯ ಸರಾಸರಿಯಿಂದ ಭಾಗಿಸುವುದು. ಗಾಳಿ, ಲಾರಿ ಓಡಾಟ ಯಾವಾಗಲೂ ಇರುವಂಥದ್ದಾದ್ದರಿಂದ ಭಾಗಲಬ್ಧ 1ರ ಆಸುಪಾಸಿನಲ್ಲೇ ಇರುತ್ತದೆ. ನಿಜವಾದ ಕಂಪನ ಬಂದರೆ ದಿಢೀರನೆ ಏರುತ್ತದೆ.

ಫಿಟ್ಸ್ ಹುಡುಕುವ ಲೆಕ್ಕದ ಬುಡವೂ ಇದೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ಜಾನ್ ಗಾಟ್‌ಮನ್ 1982ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇಇಜಿಯನ್ನು 2 ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. ಪ್ರತಿ ತುಂಡಿನ ಅಲೆಗಳ ಎತ್ತರವನ್ನು ಸ್ವಲ್ಪ ಹಿಂದಿನ ಗೆರೆಯ ಎತ್ತರಕ್ಕೆ ಹೋಲಿಸುತ್ತಾರೆ. ಕನಿಷ್ಠ 3 ಪಟ್ಟು ಎತ್ತರ ಇರಬೇಕು, ಸೆಕೆಂಡಿಗೆ 3ರಿಂದ 20ರ ವೇಗದಲ್ಲಿರಬೇಕು, ಅಲೆಗಳು ಒಂದೇ ಲಯದಲ್ಲಿ ಬರಬೇಕು. ಮೂರೂ ಕೂಡಿದರೆ ಎಚ್ಚರಿಕೆ.

ಆದರೆ ಮಿದುಳು ಬಂಡೆಯಲ್ಲ. ನೆತ್ತಿಯ ಮೇಲೆ ಸಿಗುವ ವಿದ್ಯುತ್ತು ಬರೇ 10ರಿಂದ 100 ಮೈಕ್ರೋವೋಲ್ಟ್, ಎದೆಯ ಇಸಿಜಿಯ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಮ್ಮಿ. ನಿದ್ದೆ ಬಂದರೆ ಹಿನ್ನೆಲೆಯೇ ಬದಲಾಗುತ್ತದೆ, ಕಣ್ಣು ಮುಚ್ಚಿದರೆ ಇನ್ನೊಂದು ಲಯ. ಹಾಗಾಗಿ ಎತ್ತರವೊಂದನ್ನೇ ನಂಬುವಂತಿಲ್ಲ. ನಿಜವಾದ ಫಿಟ್ಸ್‌ಗೆ ಒಂದು ನಡೆ ಇರುತ್ತದೆ: ಸಾಮಾನ್ಯವಾಗಿ ಒಂದು ಜಾಗದಲ್ಲಿ ಸಣ್ಣದಾಗಿ, ವೇಗವಾಗಿ ಶುರುವಾಗಿ, ಬರಬರುತ್ತಾ ಅಲೆ ದೊಡ್ಡದಾಗಿ, ನಿಧಾನವಾಗಿ, ಪಕ್ಕದ ಎಲೆಕ್ಟ್ರೋಡ್‌ಗಳಿಗೆ ಹಬ್ಬಿ, ಕೊನೆಗೆ ತಟ್ಟನೆ ನಿಲ್ಲುತ್ತದೆ. ಈಗಿನ ನ್ಯೂರಲ್ ನೆಟ್‌ವರ್ಕ್ ಎಂಬ ಕಲಿಯುವ ಪ್ರೋಗ್ರಾಂಗಳಿಗೆ ಈ ನಡೆಯನ್ನು ಯಾರೂ ನಿಯಮವಾಗಿ ಬರೆದುಕೊಡುವುದಿಲ್ಲ. ತಜ್ಞರು ಗುರುತು ಹಾಕಿದ ಸಾವಿರಾರು ಉದಾಹರಣೆ ತೋರಿಸಿ ಕಲಿಸುತ್ತಾರೆ.

ಇನ್ನೊಂದು ಕೆಲಸ ಬೇರೆಯೇ ಇದೆ. ಫಿಟ್ಸ್ ಬಾರದ ಹೊತ್ತಿನಲ್ಲೂ ಅಲ್ಲೊಂದು ಇಲ್ಲೊಂದು ಏಳುವ ಸ್ಪೈಕ್ ಹುಡುಕುವುದು. 20ರಿಂದ 70 ಮಿಲಿಸೆಕೆಂಡಿನದು ಸ್ಪೈಕ್, 70ರಿಂದ 200ರದು ಶಾರ್ಪ್ ವೇವ್. ಫಿಟ್ಸ್ ಹುಡುಕುವ ಪ್ರೋಗ್ರಾಂ ಸ್ಪೈಕ್ ಹುಡುಕುವುದಿಲ್ಲ, ಸ್ಪೈಕ್ ಹುಡುಕುವ ಪ್ರೋಗ್ರಾಂ ಫಿಟ್ಸ್ ಹುಡುಕುವುದಿಲ್ಲ. ಯಾವುದೇ ಸಾಫ್ಟ್‌ವೇರ್ ಬಗ್ಗೆ ಮೊದಲು ಕೇಳಬೇಕಾದ್ದು ಇದನ್ನೇ.

ನಮ್ಮ ಯಂತ್ರದ ಸಾಫ್ಟ್‌ವೇರ್ ಒಂದೊಂದು ರೆಕಾರ್ಡಿಂಗ್‌ಗೆ ಇನ್ನೂರು ಮುನ್ನೂರು ಸ್ಪೈಕ್ ಗುರುತು ಹಾಕುತ್ತದೆ. ಡಾಕ್ಟರು ನೋಡಿದರೆ ಒಂದೂ ನಿಜವಲ್ಲ. ಬೇಸಿಗೆಯಲ್ಲಿ ಇನ್ನೂ ಅತಿ. ಸಾಫ್ಟ್‌ವೇರ್ ಕೆಟ್ಟದ್ದೋ, ನಮ್ಮ ಕೈಕೆಲಸವೋ?
— ಇಇಜಿ ಟೆಕ್ನಿಷಿಯನ್, ಕೋಲಾರ

ಎರಡೂ ಇರಬಹುದು. ಆದರೆ ಕೈಕೆಲಸದ್ದು ಇವತ್ತೇ ಸರಿಮಾಡಬಹುದಾದ್ದು, ಅಲ್ಲಿಂದಲೇ ಶುರುಮಾಡೋಣ.

ಸುಳ್ಳು ಗುರುತುಗಳಲ್ಲಿ ಒಂದನ್ನು ಪರದೆ ಮೇಲೆ ದೊಡ್ಡದು ಮಾಡಿ ನೋಡಿ. ಎಡಗಡೆಯ ಸಾಲು ತೆಗೆದುಕೊಳ್ಳಿ (ಇವು ತಲೆಯ ಮೇಲಿನ ಎಲೆಕ್ಟ್ರೋಡ್ ಜಾಗಗಳ ಹೆಸರು, ಜೋಡಿಗೊಂದು ಗೆರೆ, ಅದೇ ಚಾನೆಲ್): ಎಫ್‌ಪಿ1–ಎಫ್7, ಎಫ್7–ಟಿ3, ಟಿ3–ಟಿ5, ಟಿ5–ಓ1. ಎಫ್7–ಟಿ3ರಲ್ಲಿ ಗೆರೆ ಕೆಳಕ್ಕೂ ಟಿ3–ಟಿ5ರಲ್ಲಿ ಮೇಲಕ್ಕೂ ಚುಚ್ಚಿದೆ, ಎರಡೂ ಎದುರುಬದುರು. ಫೇಸ್ ರಿವರ್ಸಲ್, ಟಿ3ರಲ್ಲಿ ಸ್ಪೈಕ್ ಎಂದು ಸಾಫ್ಟ್‌ವೇರ್ ಬರೆದಿದೆ. ಈಗ ಮೇಲಿನ ಎಫ್‌ಪಿ1–ಎಫ್7 ಮತ್ತು ಕೆಳಗಿನ ಟಿ5–ಓ1 ನೋಡಿ. ಅಲ್ಲಿ ಏನೂ ಇಲ್ಲ, ತೀರಾ ಸಪಾಟು. ನಿಜವಾದ ಸ್ಪೈಕ್ ಒಂದೇ ಎಲೆಕ್ಟ್ರೋಡಿನಲ್ಲಿ ಎದ್ದು ಅಲ್ಲೇ ಮುಗಿಯುವುದಿಲ್ಲ. ಎಫ್7, ಟಿ5, ಸಿ3ರಲ್ಲೂ ಅದರ ತುಣುಕು ಕಾಣಬೇಕು. ಆಕಾರವನ್ನೂ ನೋಡಿ: ಕ್ಷಣದಲ್ಲಿ ನೆಟ್ಟಗೆ ಏರಿ, ಇಳಿಜಾರಿನಂತೆ ನಿಧಾನಕ್ಕೆ ಇಳಿದಿದ್ದರೆ, ಬೆನ್ನಿಗೆ ನಿಧಾನದ ಅಲೆ ಇಲ್ಲದಿದ್ದರೆ, ಅದು ಮಿದುಳಿನದಲ್ಲ. ಟಿ3 ಎಲೆಕ್ಟ್ರೋಡ್ ಚರ್ಮದಿಂದ ಎದ್ದಿದೆ, ಇಲ್ಲವೇ ಪೇಸ್ಟ್ ಒಣಗಿದೆ. ಒಂದೇ ಎಲೆಕ್ಟ್ರೋಡ್ ಸುತ್ತ ನೂರು ಗುರುತು ಬಿದ್ದಿದ್ದರೆ ಮೊದಲು ಅದನ್ನು ತೆಗೆದು ಮತ್ತೆ ಅಂಟಿಸಿ.

ಅಂಟಿಸುವಾಗ ಅವಸರ ಬೇಡ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪಿನಲ್ಲಿ 36 ಸೆಂಟಿಮೀಟರ್ ಬಂದರೆ, ಎಲೆಕ್ಟ್ರೋಡ್ ಇಡುವ ಅಂತರ ಶೇ. 10 ಎಂದರೆ 3.6, ಶೇ. 20 ಎಂದರೆ 7.2. ಕಣ್ಣಳತೆಯಲ್ಲಿ ಇಟ್ಟರೆ ಎಡಬಲ ಸಮ ಬಾರದೆ, ಇಲ್ಲದ ವ್ಯತ್ಯಾಸ ಗೆರೆಯಲ್ಲಿ ಕಾಣುತ್ತದೆ. ಕೂದಲು ಬೈತಲೆ ತೆಗೆದು, ಜೆಲ್ಲಿನಿಂದ ಚರ್ಮ ಉಜ್ಜಿ, ಪೇಸ್ಟ್ ತುಂಬಿದ ಕಪ್ ಒತ್ತಿ. ಇಂಪಿಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್ ಒಳಗಿರಲಿ. ಅದಕ್ಕಿಂತ ಮುಖ್ಯ, ಎಲ್ಲದರಲ್ಲೂ ಒಂದೇ ಮಟ್ಟದಲ್ಲಿರಲಿ. ಒಂದು 2, ಪಕ್ಕದ್ದು 15 ಇದ್ದರೆ ಕೋಣೆಯ 50 ಹರ್ಟ್ಸ್ (ಸೆಕೆಂಡಿಗೆ 50 ಅಲೆ) ಕರೆಂಟು ಆ ಜೋಡಿಯೊಳಗೇ ನುಗ್ಗುತ್ತದೆ.

50 ಹರ್ಟ್ಸ್ ಹುಡುಕಲು, ಅದನ್ನು ಅಳಿಸುವ ನಾಚ್ ಫಿಲ್ಟರ್ ಆಫ್ ಮಾಡಿ ನೋಡಿ. ಒಂದೇ ಚಾನೆಲ್ಲಿನಲ್ಲಿ ದಪ್ಪ ಗೆರೆ ಬಂದರೆ ಆ ಎಲೆಕ್ಟ್ರೋಡ್. ಎಲ್ಲದರಲ್ಲೂ ಬಂದರೆ ರೋಗಿಯ ಗ್ರೌಂಡ್ ಎಲೆಕ್ಟ್ರೋಡ್, ಅಥವಾ ಕಟ್ಟಡದ ಅರ್ಥಿಂಗ್. ಕೋಲಾರದ ಕಡೆ ಮಾರ್ಚ್ ಬಂದರೆ ಅರ್ಥ್ ಗುಂಡಿ ಒಣಗಿ ಗಟ್ಟಿಯಾಗುತ್ತದೆ, ಒಣ ಮಣ್ಣಿನಲ್ಲಿ ಅರ್ಥ್ ಕೆಲಸ ಮಾಡುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ, ಗುಂಡಿಗೆ ನೀರು ಬೀಳುವ ಏರ್ಪಾಡು ಮಾಡಿಸಿ. ಮೊಬೈಲ್ ಚಾರ್ಜರ್, ಹಳೆ ಚೋಕಿನ ಟ್ಯೂಬ್‌ಲೈಟು, ಡ್ರಿಪ್ ಪಂಪು ಹಾಸಿಗೆಯಿಂದ ದೂರ ಇರಲಿ. ಎಲೆಕ್ಟ್ರೋಡ್ ವೈರುಗಳನ್ನು ಹರಡಿ ಬಿಡದೆ ಜಡೆಯಂತೆ ಕೂಡಿಸಿ.

ಬೇಸಿಗೆಯಲ್ಲಿ ಹೆಚ್ಚಾಗುವುದಕ್ಕೆ ಇನ್ನೊಂದು ಕಾರಣ ಬೆವರು. ಬೆವರಿದರೆ ಗೆರೆ ತೂಗುಯ್ಯಾಲೆಯಂತೆ ನಿಧಾನಕ್ಕೆ ಏರಿಳಿಯುತ್ತದೆ, ಸೆಕೆಂಡಿಗೆ ಅರ್ಧ ಅಲೆಗಿಂತ ಕಮ್ಮಿ. ಇದಕ್ಕೆ ಫಿಲ್ಟರ್‌ಗಿಂತ ತಂಪು ಕೋಣೆಯೇ ಮದ್ದು. ಫ್ಯಾನಿನ ಗಾಳಿ ನೇರವಾಗಿ ವೈರುಗಳ ಮೇಲೆ ಬೀಸದಂತೆ ನೋಡಿಕೊಳ್ಳಿ, ವೈರು ಅಲುಗಿದರೂ ಅಲೆ ಏಳುತ್ತದೆ.

ಒಂದು ತಪ್ಪು ಎಲ್ಲ ಕಡೆ ನಡೆಯುತ್ತಿದೆ, ದಯವಿಟ್ಟು ನಿಲ್ಲಿಸಿ. ದವಡೆ ಬಿಗಿಹಿಡಿದ ರೋಗಿಯ ಸ್ನಾಯುವಿನ ಗಲಾಟೆ ಮರೆಮಾಡಲು ವೇಗದ ಅಲೆಗಳನ್ನು ಕತ್ತರಿಸುವ 70 ಹರ್ಟ್ಸ್‌ನ ಫಿಲ್ಟರನ್ನು 15ಕ್ಕೆ ಇಳಿಸುವುದು. ಗೆರೆ ಚೆಂದ ಕಾಣುತ್ತದೆ ನಿಜ, ಆದರೆ ಸ್ನಾಯುವಿನ ಮುಳ್ಳುಗಳೆಲ್ಲ ಮೊಂಡಾಗಿ ಥೇಟ್ ಸ್ಪೈಕ್‌ನಂತಾಗುತ್ತವೆ. ಸಾಫ್ಟ್‌ವೇರ್ ಮಾತ್ರವಲ್ಲ, ಓದುವ ಡಾಕ್ಟರೂ ಮೋಸಹೋಗುತ್ತಾರೆ. ಬಾಯಿ ಸ್ವಲ್ಪ ತೆರೆದು ದವಡೆ ಸಡಿಲ ಬಿಡಿ ಎಂದರೆ ಸಾಕು. ಇಸಿಜಿಯ ಒಂದು ಚಾನೆಲ್ ತಪ್ಪದೆ ಹಾಕಿ. ಗುರುತುಗಳು ಎದೆಬಡಿತದ ಜೊತೆಜೊತೆಗೇ ಬೀಳುತ್ತಿದ್ದರೆ ಕಾರಣ ಅಲ್ಲೇ ಕಾಣುತ್ತದೆ. ಕೆಮ್ಮು, ಬಿಕ್ಕಳಿಕೆ, ತಾಯಿ ಕೂಸಿನ ಬೆನ್ನು ತಟ್ಟಿದ್ದು, ಎಲ್ಲವನ್ನೂ ಆ ಕ್ಷಣಕ್ಕೇ ಟೈಪ್ ಮಾಡಿ ನಮೂದಿಸಿ. ಬೆನ್ನು ತಟ್ಟುವ ಲಯ ಕೂಸಿನ ಫಿಟ್ಸ್‌ನಂತೆಯೇ ಕಾಣುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಗುರುತು ಬಿದ್ದರೆ ಅದು ಸಾಫ್ಟ್‌ವೇರಿನ ಮಿತಿ. ನಿದ್ದೆಯಲ್ಲಿ ನೆತ್ತಿಯ ನಡುವೆ ಏಳುವ ವರ್ಟೆಕ್ಸ್ ಅಲೆ, ತೂಕಡಿಸುವ ದೊಡ್ಡವರ ಕಣತಲೆಯ ಕಡೆ ಬರುವ ವಿಕೆಟ್ ಅಲೆ, ಇವೆಲ್ಲ ಆರೋಗ್ಯವಂತರಲ್ಲೂ ಇರುವ ಚೂಪು ಅಲೆಗಳು. ಮನುಷ್ಯರೇ ಇವುಗಳನ್ನು ನೋಡಿ ತಪ್ಪಾಗಿ ಮೂರ್ಛೆರೋಗ ಎಂದು ಬರೆದುಬಿಡುವುದುಂಟು.

ನಮ್ಮದು ಫೈನಲ್ ಇಯರ್ ಪ್ರಾಜೆಕ್ಟ್. ಇಂಟರ್ನೆಟ್ಟಿನಲ್ಲಿ ಸಿಗುವ 11,500 ಸಾಲಿನ ಇಇಜಿ ಫೈಲ್ ತೆಗೆದುಕೊಂಡು ನ್ಯೂರಲ್ ನೆಟ್‌ವರ್ಕ್ ಕಟ್ಟಿದೆವು. ಆಕ್ಯುರೆಸಿ (ಸರಿಯುತ್ತರಗಳ ಪಾಲು) ಶೇ. 99.2 ಬಂದಿದೆ. ಇದನ್ನು ಆಸ್ಪತ್ರೆಗೆ ಬಳಸಲು ಕೊಡಬಹುದೇ?
— ಇಂಜಿನಿಯರಿಂಗ್ ವಿದ್ಯಾರ್ಥಿಗಳು, ತುಮಕೂರು

ಕೊಡಬೇಡಿ. ನಿಮ್ಮ ಶ್ರಮದ ಬಗ್ಗೆ ಗೌರವವಿದೆ, ಆದರೆ ಆ ಶೇ. 99.2 ಎಂಬುದು ಫಿಟ್ಸ್ ಹುಡುಕಿದ್ದರ ಅಂಕವಲ್ಲ. ಯಾಕೆಂದು ಬಿಡಿಸಿ ಹೇಳುತ್ತೇವೆ. ಪ್ರತಿ ವರ್ಷ ಎಷ್ಟೋ ತಂಡಗಳು ಇದೇ ಗುಂಡಿಗೆ ಬೀಳುತ್ತವೆ.

ನಿಮ್ಮ ಫೈಲಿನ ಮೂಲ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಂಗ್ರಹ, 2001ರಲ್ಲಿ ಪ್ರಕಟವಾದದ್ದು. ಅದರಲ್ಲಿ 5 ಗುಂಪು, ಗುಂಪಿಗೆ 100ರಂತೆ 500 ತುಣುಕು. ಪ್ರತಿ ತುಣುಕು 23.6 ಸೆಕೆಂಡು, 4,097 ಬಿಂದು. ಯಾರೋ ಒಬ್ಬರು ಪ್ರತಿ ತುಣುಕನ್ನು 178 ಬಿಂದುಗಳ 23 ಚೂರು ಮಾಡಿ, ಎಲ್ಲವನ್ನೂ ಕಲಸಿ, 11,500 ಸಾಲು ಮಾಡಿದರು. ನೀವು ಆ ಸಾಲುಗಳನ್ನು 80:20ರಂತೆ ಎತ್ತಿದಾಗ ಒಂದೇ ತುಣುಕಿನ 23 ಚೂರುಗಳಲ್ಲಿ ಸುಮಾರು 18 ತರಬೇತಿಗೂ 5 ಪರೀಕ್ಷೆಗೂ ಹೋದವು. ಪ್ರಶ್ನೆಪತ್ರಿಕೆಯ ಮುಕ್ಕಾಲು ಭಾಗ ಮೊದಲೇ ಬಾಯಿಪಾಠ ಮಾಡಿಸಿ ಪರೀಕ್ಷೆಗೆ ಕೂರಿಸಿದ ಹಾಗಾಯಿತು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ 5 ಗುಂಪಿನಲ್ಲಿ ನೆತ್ತಿಯ ಮೇಲಿಂದ ತೆಗೆದವು ಎರಡೇ, ಅವೂ ಆರೋಗ್ಯವಂತರವು. ಫಿಟ್ಸ್ ಗುಂಪೂ ಸೇರಿ ಉಳಿದ ಮೂರು, ತಲೆಬುರುಡೆಯ ಒಳಗೆ ಎಲೆಕ್ಟ್ರೋಡ್ ಇಟ್ಟು ತೆಗೆದವು. ಹಾಗಾಗಿ ನಿಮ್ಮ ನೆಟ್‌ವರ್ಕ್ ಕಲಿತದ್ದರಲ್ಲಿ ಒಂದು ಪಾಲು ಬುರುಡೆಯ ಒಳಗಿನ ಗೆರೆಗೂ ಹೊರಗಿನ ಗೆರೆಗೂ ಇರುವ ವ್ಯತ್ಯಾಸ. ಯಾವ ತುಣುಕು ಯಾರದು ಎಂಬುದೂ ಅದರಲ್ಲಿಲ್ಲ, ಹಾಗಾಗಿ ರೋಗಿವಾರು ಬೇರ್ಪಡಿಸಲೂ ಆಗದು. ಅಲ್ಗಾರಿದಮ್ ಓಡುತ್ತದೆಯೇ ಎಂದು ಪರೀಕ್ಷಿಸಲು ಈ ಫೈಲ್ ಸಾಕು. ಅದರಾಚೆಗೆ ಇದರಿಂದ ಏನನ್ನೂ ಹೇಳಬೇಡಿ.

ನೆತ್ತಿಯ ಇಇಜಿ ಬೇಕಾದರೆ ಬಾಸ್ಟನ್ ಮಕ್ಕಳ ಆಸ್ಪತ್ರೆ ಮತ್ತು ಎಂಐಟಿಯ ಸಂಗ್ರಹ ಫಿಸಿಯೋನೆಟ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇಡೀ ಸಂಗ್ರಹ 40 ಜಿಬಿಗೂ ಮೀರಿದ್ದು, ಮೊದಲು ಎರಡು ಮೂರು ಮಕ್ಕಳದ್ದು ಇಳಿಸಿಕೊಳ್ಳಿ. ಸೆಕೆಂಡಿಗೆ 256 ಬಿಂದು, ಬಹುತೇಕ ಫೈಲುಗಳಲ್ಲಿ 23 ಚಾನೆಲ್. ಮೊದಲ ಮಗುವಿನ ಮೂರನೇ ಫೈಲ್ ತೆರೆಯಿರಿ: ಒಂದು ಗಂಟೆಯ ರೆಕಾರ್ಡಿಂಗ್, 2,996ನೇ ಸೆಕೆಂಡಿಗೆ ಫಿಟ್ಸ್ ಶುರು, 3,036ಕ್ಕೆ ಮುಕ್ತಾಯ. 3,600 ಸೆಕೆಂಡಿನಲ್ಲಿ 40 ಸೆಕೆಂಡು. ಇಡೀ ಗಂಟೆ "ಫಿಟ್ಸ್ ಇಲ್ಲ, ಇಲ್ಲ" ಎಂದಷ್ಟೇ ಹೇಳುವ ಪ್ರೋಗ್ರಾಂ ಬರೆದರೂ ಆಕ್ಯುರೆಸಿ ಶೇ. 98.9 ಬರುತ್ತದೆ. ಹುಡುಕಿದ ಫಿಟ್ಸ್ ಸೊನ್ನೆ. ಆಕ್ಯುರೆಸಿ ಎಂಬ ಪದವನ್ನು ನಿಮ್ಮ ವರದಿಯಿಂದ ತೆಗೆದುಹಾಕಿ ಎನ್ನುವುದು ಇದಕ್ಕೇ.

ಈ ಸಂಗ್ರಹದಲ್ಲೂ ಕಾಲು ಜಾರುವ ಜಾಗಗಳಿವೆ. 1ನೇ ಮತ್ತು 21ನೇ ಪ್ರಕರಣ ಒಂದೇ ಹುಡುಗಿಯವು, ಒಂದೂವರೆ ವರ್ಷದ ಅಂತರದಲ್ಲಿ ತೆಗೆದವು. ಒಂದನ್ನು ತರಬೇತಿಗೆ, ಇನ್ನೊಂದನ್ನು ಪರೀಕ್ಷೆಗೆ ಹಾಕಿದರೆ ಮತ್ತೆ ಅದೇ ಕಳ್ಳದಾರಿ. ಕೆಲವು ಫೈಲುಗಳಲ್ಲಿ ಚಾನೆಲ್ ಕ್ರಮ ಬದಲಾಗಿದೆ, ಕೆಲವೆಡೆ ಖಾಲಿ ಚಾನೆಲ್ ಇದೆ, ಟಿ8–ಪಿ8 ಎರಡು ಸಲ ಬರುತ್ತದೆ. ಆದ್ದರಿಂದ ಕ್ರಮಸಂಖ್ಯೆಯಿಂದ ಎತ್ತದೆ ಹೆಸರಿನಿಂದ ಎತ್ತಿ, ಬಹುತೇಕ ಎಲ್ಲದರಲ್ಲೂ ಇರುವ 18 ಬೈಪೋಲಾರ್ (ಎರಡು ಎಲೆಕ್ಟ್ರೋಡ್ ಜೋಡಿಯ) ಚಾನೆಲ್‌ಗಳನ್ನು ಮಾತ್ರ ಇಟ್ಟುಕೊಳ್ಳಿ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50; ನಾಚ್ ಫಿಲ್ಟರನ್ನು ನಮ್ಮ ಅಭ್ಯಾಸದಂತೆ 50ಕ್ಕೆ ಇಟ್ಟರೆ ಗದ್ದಲ ಹಾಗೇ ಉಳಿಯುತ್ತದೆ. ಇಇಜಿ ಫೈಲ್ ಓದುವ ಎಂಎನ್ಇ ಎಂಬ ಪೈಥಾನ್ ಲೈಬ್ರರಿಯಲ್ಲಿ ಓದಿದರೆ ಸಂಖ್ಯೆಗಳು ವೋಲ್ಟಿನಲ್ಲಿ ಬರುತ್ತವೆ, ಹತ್ತು ಲಕ್ಷದಿಂದ ಗುಣಿಸಿದರೆ ಮೈಕ್ರೋವೋಲ್ಟ್.

ಕೆಲಸದ ಕ್ರಮ ಹೀಗಿರಲಿ. ಇಡೀ ರೆಕಾರ್ಡಿಂಗ್‌ಗೆ 0.5ರಿಂದ 40 ಹರ್ಟ್ಸ್ ನಡುವಿನ ಅಲೆಗಳನ್ನಷ್ಟೇ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಮೊದಲು ಹಾಕಿ, ಆಮೇಲೆ ತುಂಡು ಮಾಡಿ. ತುಂಡು ಮಾಡಿ ಫಿಲ್ಟರ್ ಹಾಕಿದರೆ ಪ್ರತಿ ತುಂಡಿನ ಎರಡೂ ಅಂಚಿನಲ್ಲಿ ಇಲ್ಲದ ಅಲೆ ಹುಟ್ಟುತ್ತದೆ. ಹಿಂದಕ್ಕೂ ಮುಂದಕ್ಕೂ ಓಡುವ ಫಿಲ್ಟ್‌ಫಿಲ್ಟ್ ಬಗೆಯ ಫಿಲ್ಟರ್, ರೆಕಾರ್ಡ್ ಮಾಡಿಟ್ಟದ್ದಕ್ಕೆ ಸರಿ. ರೋಗಿಯ ಪಕ್ಕದಲ್ಲಿ ಆಗಿಂದಾಗ್ಗೆ ಓಡಿಸುತ್ತೇವೆ ಎಂದರೆ ಅದು ಸಲ್ಲದು, ಇನ್ನೂ ಬಾರದ ಬಿಂದುಗಳನ್ನು ಅದು ಬಳಸುತ್ತದೆ. ತುಂಡು 2ರಿಂದ 4 ಸೆಕೆಂಡು ಇರಲಿ. ಪ್ರತಿ ಚಾನೆಲ್ಲಿಗೆ ಡೆಲ್ಟಾ, ಥೀಟಾ, ಆಲ್ಫಾ, ಬೀಟಾ (ನಿಧಾನದಿಂದ ವೇಗದವರೆಗಿನ ಅಲೆ) ಪಟ್ಟಿಗಳ ಶಕ್ತಿ ಮತ್ತು ಗೆರೆಯ ಉದ್ದ ಲೆಕ್ಕ ಹಾಕಿ. ಗೆರೆಯ ಉದ್ದ ಎಂದರೆ ಅಕ್ಕಪಕ್ಕದ ಬಿಂದುಗಳ ವ್ಯತ್ಯಾಸಗಳನ್ನು ಋಣಚಿಹ್ನೆ ಬಿಟ್ಟು ಕೂಡಿಸುವುದು; ಅಲೆ ಎತ್ತರವಾದರೂ ಹೆಚ್ಚುತ್ತದೆ, ವೇಗವಾದರೂ ಹೆಚ್ಚುತ್ತದೆ. ಇಷ್ಟು ಸರಳವಾದದ್ದು ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನೋಡಿದರೆ ಸಂತೋಷವಾಗುತ್ತದೆ. ಮೊದಲು ರ‍್ಯಾಂಡಮ್ ಫಾರೆಸ್ಟ್ ಅಥವಾ ಎಸ್‌ವಿಎಂ ಎಂಬ ಹೆಚ್ಚು ಸರಳ ವಿಧಾನ ಓಡಿಸಿ. ನಿಮ್ಮ ನ್ಯೂರಲ್ ನೆಟ್‌ವರ್ಕ್ ಇದನ್ನು ಮೀರಿಸದಿದ್ದರೆ ಅದರ ಅಗತ್ಯವೇ ಇಲ್ಲ.

ಬೇರ್ಪಡಿಸುವುದು ರೋಗಿವಾರು. ಒಬ್ಬ ರೋಗಿಯನ್ನು ಪೂರ್ತಿ ಹೊರಗಿಟ್ಟು ಉಳಿದವರ ಮೇಲೆ ತರಬೇತಿ, ಹೊರಗಿಟ್ಟವರ ಮೇಲೆ ಪರೀಕ್ಷೆ, ಹೀಗೆ ಒಬ್ಬೊಬ್ಬರನ್ನೂ. ಸ್ಕೇಲಿಂಗ್, ಲೆಕ್ಕ ಹಾಕಿದ ಅಂಶಗಳ (ಫೀಚರ್) ಆಯ್ಕೆ, ಸ್ಮೋಟ್ ಎಂಬ ವಿಧಾನದಿಂದ ಫಿಟ್ಸ್ ಸಾಲು ಹೆಚ್ಚಿಸುವುದು, ಎಲ್ಲವೂ ಬೇರ್ಪಡಿಸಿದ ಮೇಲೆ, ತರಬೇತಿ ಭಾಗದೊಳಗೆ ಮಾತ್ರ. ಪರೀಕ್ಷೆಯ ಭಾಗದಲ್ಲಿ ಫಿಟ್ಸ್ ಮತ್ತು ಫಿಟ್ಸ್ ಇಲ್ಲದ್ದನ್ನು ಅರ್ಧರ್ಧ ಮಾಡಬೇಡಿ. ಆಸ್ಪತ್ರೆಯ ಹಾಸಿಗೆಯಲ್ಲಿ ಅರ್ಧ ದಿನ ಫಿಟ್ಸ್ ಇರುವುದಿಲ್ಲ.

ಅಂಕ ಮೂರೇ ಸಾಕು: ಎಷ್ಟು ಫಿಟ್ಸ್‌ನಲ್ಲಿ ಎಷ್ಟು ಸಿಕ್ಕಿತು, ಗಂಟೆಗೆ ಎಷ್ಟು ಸುಳ್ಳು ಅಲಾರಂ, ಶುರುವಾದ ಎಷ್ಟು ಸೆಕೆಂಡಿಗೆ ಸಿಕ್ಕಿತು. ಎರಡನೆಯದು ಯಾಕೆ ಎಂದರೆ, 2 ಸೆಕೆಂಡಿನ ತುಂಡಾದರೆ ಗಂಟೆಗೆ 1,800. ಶೇ. 1 ತಪ್ಪಾದರೂ ಗಂಟೆಗೆ 18 ಸುಳ್ಳು, ದಿನಕ್ಕೆ 432. ಯಾವ ನರ್ಸೂ ಎರಡನೇ ದಿನ ಆ ಅಲಾರಂ ಕಡೆ ತಿರುಗಿ ನೋಡುವುದಿಲ್ಲ. ಇದಕ್ಕೇ ಸತತ 5 ತುಂಡುಗಳಲ್ಲಿ 4 ಆದರೂ ಫಿಟ್ಸ್ ಎಂದರೆ ಮಾತ್ರ ಅಲಾರಂ, ಹತ್ತಿರ ಹತ್ತಿರದ ಅಲಾರಂಗಳು ಸೇರಿ ಒಂದೇ ಎಂಬ ನಿಯಮ ಬೇಕು. ಸುಳ್ಳು ಇಳಿಯುತ್ತದೆ, ಆದರೆ ಕೆಲವು ಸೆಕೆಂಡು ತಡವಾಗುತ್ತದೆ, ತೀರಾ ಚಿಕ್ಕ ಫಿಟ್ಸ್ ತಪ್ಪುತ್ತದೆ. ಎಷ್ಟು ಬಿಟ್ಟುಕೊಡಬಹುದು ಎಂಬುದನ್ನು ನರರೋಗ ತಜ್ಞರ ಜೊತೆ ಕುಳಿತು ತೀರ್ಮಾನಿಸಿ.

ಅಳತೆಗೋಲು ಬೇಕೆಂದರೆ, ಅಲಿ ಶೋಬ್ ಮತ್ತು ಜಾನ್ ಗುಟ್ಟಾಗ್ 2010ರಲ್ಲಿ ಇದೇ ಬಾಸ್ಟನ್ ಸಂಗ್ರಹದ ಮೇಲೆ ಎಸ್‌ವಿಎಂ ಬಳಸಿ 173 ಫಿಟ್ಸ್‌ಗಳಲ್ಲಿ ಶೇ. 96 ಹಿಡಿದರು. ವಿಳಂಬದ ಮಧ್ಯಾಂಕ 3 ಸೆಕೆಂಡು, ಸುಳ್ಳು ಅಲಾರಂಗಳ ಮಧ್ಯಾಂಕ 24 ಗಂಟೆಗೆ 2. ಆದರೆ ಅದು ಆಯಾ ಮಗುವಿನ ಹಿಂದಿನ ಫಿಟ್ಸ್ ತೋರಿಸಿ ಆ ಮಗುವಿಗೇ ಕಟ್ಟಿದ ಪ್ರೋಗ್ರಾಂ. ಹೊಸ ರೋಗಿಗೆ ಹೋದರೆ ಅಂಕ ಬೀಳುತ್ತದೆ, ನಿಮ್ಮದೂ ಬೀಳುತ್ತದೆ. ಶೇ. 70 ಬಂದರೂ ನಾಚಿಕೆ ಬೇಡ, ಹಾಗೇ ಬರೆಯಿರಿ. ಅದೇ ಪ್ರೋಗ್ರಾಮನ್ನು ಏನೂ ತಿದ್ದದೆ ಇಟಲಿಯ ಸಿಯೆನಾ ಸಂಗ್ರಹದ 14 ರೋಗಿಗಳ ಮೇಲೆ ಓಡಿಸಿ ನೋಡಿ. ಅದು 512 ಹರ್ಟ್ಸ್, 256ಕ್ಕೆ ಇಳಿಸಿಕೊಳ್ಳಬೇಕು; ಅಲ್ಲಿಯ ಕರೆಂಟು ನಮ್ಮಂತೆ 50.

ಆಸ್ಪತ್ರೆಯ ವಿಷಯ: ರೋಗ ಗುರುತಿಸುವ ಸಾಫ್ಟ್‌ವೇರ್ ನಮ್ಮ ದೇಶದ ಕಾನೂನಿನಲ್ಲಿ ವೈದ್ಯಕೀಯ ಸಾಧನ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ರೋಗಿಗಳ ಮೇಲೆ ಓಡಿಸುವಂತಿಲ್ಲ, ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತರುವಂತೆಯೂ ಇಲ್ಲ.

12 ವರ್ಷದ ಮಗನಿಗೆ ತಲೆನೋವೆಂದು ಇಇಜಿ ಮಾಡಿಸಿದರು. ಬಲಗಡೆ ಶಾರ್ಪ್ ವೇವ್ ಇದೆ ಎಂದು ಕಂಪ್ಯೂಟರ್ ಗುರುತಿಸಿದೆಯಂತೆ. ಅವನಿಗೆ ಇದುವರೆಗೆ ಒಂದು ಸಲವೂ ಫಿಟ್ಸ್ ಬಂದಿಲ್ಲ. ಮಾತ್ರೆ ಶುರುಮಾಡಬೇಕೇ?
— ತಂದೆ, ಬಂಗಾರಪೇಟೆ

ಮಾತ್ರೆ ಕೊಡುವುದು ಫಿಟ್ಸ್‌ಗೆ, ಕಾಗದದ ಮೇಲಿನ ಗುರುತಿಗಲ್ಲ. ಎಂದೂ ಫಿಟ್ಸ್ ಬಾರದ ಆರೋಗ್ಯವಂತ ಮಕ್ಕಳಲ್ಲೂ ನೂರಕ್ಕೆ ಎರಡರಿಂದ ನಾಲ್ವರ ಇಇಜಿಯಲ್ಲಿ ಇಂಥ ಅಲೆ ಸಿಗುತ್ತದೆ.

ಒಂದು ಲೆಕ್ಕ ನೋಡಿ. ತಲೆನೋವಿನ 1,000 ಮಕ್ಕಳಲ್ಲಿ 10 ಮಂದಿಗೆ ಮೂರ್ಛೆರೋಗ ಇದೆ ಎಂದಿಟ್ಟುಕೊಳ್ಳಿ. ಸಾಫ್ಟ್‌ವೇರ್ ಇರುವವರಲ್ಲಿ ಶೇ. 90 ಹಿಡಿಯುತ್ತದೆ, ಇಲ್ಲದವರಲ್ಲಿ ಶೇ. 5 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎಂದುಕೊಂಡರೆ, ನಿಜವಾದವರು 9, ಸುಳ್ಳಾಗಿ ಸಿಕ್ಕಿಬಿದ್ದವರು ಸುಮಾರು 50. ಗುರುತು ಬಿದ್ದ ಆರು ಏಳು ಮಕ್ಕಳಲ್ಲಿ ಒಬ್ಬರಿಗಷ್ಟೇ ಕಾಯಿಲೆ. ಸುಮ್ಮನೆ ಎಲ್ಲರಿಗೂ ಇಇಜಿ ಮಾಡಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ನೀವು ಮಾಡಬೇಕಾದ್ದು: ವರದಿ ಮಾತ್ರ ಒಯ್ಯದೆ, ಪೂರ್ತಿ ರೆಕಾರ್ಡಿಂಗ್ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆದು ನರರೋಗ ತಜ್ಞರಿಗೆ ತೋರಿಸಿ, ಅದು ನಿಮ್ಮ ಮಗನ ದಾಖಲೆ, ಕೇಳುವ ಹಕ್ಕು ನಿಮಗಿದೆ. ನಿದ್ದೆಯಲ್ಲಿ ಬಾಯಿ ಸೊಟ್ಟಗಾಗುವುದು, ಜೊಲ್ಲು ಸುರಿಯುವುದು, ಬೆಳಿಗ್ಗೆ ಕೈ ತಟ್ಟನೆ ಅದುರಿ ಲೋಟ ಬೀಳುವುದು ಇದೆಯೇ ಎಂದು ಗಮನಿಸಿ ಹೇಳಿ. ಮನೆಯಲ್ಲಿ "ಮೂರ್ಛೆರೋಗದ ಹುಡುಗ" ಎಂದು ಯಾರೂ ಕರೆಯದಂತೆ ನೋಡಿಕೊಳ್ಳಿ. ಆ ಹೆಸರು ಮಾತ್ರೆಗಿಂತ ಹೆಚ್ಚು ಕಾಲ ಉಳಿಯುತ್ತದೆ.

ನಾವೇ ಇಇಜಿ ಕಿಟ್ ಮಾಡಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಕಲಿಯಲು ಮಾಡಬಹುದು, ರೋಗ ಹುಡುಕಲು ಬೇಡ. ಎಡಿಎಸ್1299 ಚಿಪ್ಪಿನಲ್ಲಿ 8 ಚಾನೆಲ್, 24 ಬಿಟ್ ಇದೆ, ಸಾಕಷ್ಟಾಯಿತು. ಬ್ಯಾಟರಿಯಲ್ಲಿ ಮಾತ್ರ ಓಡಿಸಿ. ಲ್ಯಾಪ್‌ಟಾಪಿಗೆ ಜೋಡಿಸಿದ್ದರೆ ಅದರ ಚಾರ್ಜರ್ ಕಿತ್ತಿಟ್ಟೇ ತಲೆಗೆ ವೈರು ಹಚ್ಚಿ. ಇದರಲ್ಲಿ ರಿಯಾಯಿತಿ ಇಲ್ಲ. ಹಿಂದಲೆಯಲ್ಲಿ ಓ1, ಓ2, ಕಿವಿಹಾಲೆಗೆ ಹೋಲಿಕೆಯ (ರೆಫರೆನ್ಸ್) ಎಲೆಕ್ಟ್ರೋಡ್, ಹಣೆಗೆ ಗ್ರೌಂಡ್. ಎಚ್ಚರವಿದ್ದು ಕಣ್ಣು ಮುಚ್ಚಿದರೆ ಸೆಕೆಂಡಿಗೆ 10ರ ಆಸುಪಾಸಿನ ಅಲೆ ಏಳಬೇಕು, ತೆರೆದರೆ ಅಡಗಬೇಕು. 1929ರಲ್ಲಿ ಹಾನ್ಸ್ ಬರ್ಗರ್ ಮನುಷ್ಯರ ಇಇಜಿ ಬಗ್ಗೆ ಮೊದಲು ಬರೆದಾಗ ವರ್ಣಿಸಿದ್ದೂ ಈ ಅಲೆಯನ್ನೇ. ಇದು ಬಾರದಿದ್ದರೆ ಕೋಡ್ ತಿದ್ದುವ ಮೊದಲು ಎಲೆಕ್ಟ್ರೋಡ್ ನೋಡಿ.

ಫಿಟ್ಸ್ ಬರುವ ಮುಂಚೆಯೇ ಹೇಳುವ ವಾಚು, ಮೊಬೈಲ್ ಆ್ಯಪ್ ಇವೆಯಂತೆ. ತಮ್ಮನಿಗೆ ಕೊಡಿಸಲೇ?
— ಓದುಗರು, ಚಿಂತಾಮಣಿ

ಬಂದಾಗ ಹೇಳುವುದು ಬೇರೆ, ಬರುವ ಮುಂಚೆ ಹೇಳುವುದು ಬೇರೆ. ಕೈಗೆ ಕಟ್ಟುವ ಕೆಲವು ಸಾಧನಗಳು ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್ ಬಂದಾಗ ಕೈಯ ಅಲುಗಾಟ ಮತ್ತು ಚರ್ಮದ ಬೆವರು ಅಳೆದು ಮನೆಯವರಿಗೆ ಸಂದೇಶ ಕಳಿಸುತ್ತವೆ. ರಾತ್ರಿ ಒಂಟಿಯಾಗಿ ಮಲಗುವವರಿಗೆ ಅದರಿಂದ ಉಪಯೋಗವಿದೆ. ಸುಮ್ಮನೆ ದಿಟ್ಟಿಸಿ ನಿಲ್ಲುವ ಬಗೆಯ ಫಿಟ್ಸ್‌ಗೆ ಇಲ್ಲ. ಮುಂಚೆಯೇ ಹೇಳುವ ಪ್ರಯೋಗವನ್ನು ಆಸ್ಟ್ರೇಲಿಯಾದಲ್ಲಿ 15 ರೋಗಿಗಳ ತಲೆಬುರುಡೆಯೊಳಗೆ ಎಲೆಕ್ಟ್ರೋಡ್ ಇಟ್ಟು ಮಾಡಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದ್ದಾರೆ. ನೆತ್ತಿಯ ಮೇಲಿನ ಇಇಜಿಯಿಂದ ಹಾಗೆ ದಿನನಿತ್ಯ ನಂಬುವಂಥದ್ದು ಇನ್ನೂ ಬಂದಿಲ್ಲ. ಹಾಗೆ ಹೇಳಿ ಮಾರುವವರಿಗೆ ದುಡ್ಡು ಕೊಡಬೇಡಿ.

ಆ ದುಡ್ಡು ಮಾತ್ರೆ ತಪ್ಪದಂತೆ ನೋಡಿಕೊಳ್ಳಲು ಇರಲಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ಮೀರಿದರೆ, ಅಥವಾ ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾದರೆ, 108ಕ್ಕೆ ಫೋನ್ ಮಾಡಿ.